ಶೆಟ್ಟಿಹಳ್ಳಿಯ ಕಮಾನಿನ ಕೆಳಗೆ ನಿಲ್ಲುವವರು ಯಾರು?

ನಮಸ್ಕಾರ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ನೀವು ಒಂದಲ್ಲ ಒಂದು ಚಿತ್ರದಲ್ಲಿ ನೋಡಿಯೇ ಇರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಗಾಥಿಕ್ ಕಟ್ಟಡ, ಗೊರೂರಿನ ಅಣೆಕಟ್ಟೆಯಿಂದಾಗಿ ಸುತ್ತಲಿನ ಊರುಗಳು ಮುಳುಗಡೆಯಾದ ಮೇಲೆ ಪಾಳುಬಿದ್ದಿತು. ಈಗ ನೀರು ಇಳಿದ ತಿಂಗಳುಗಳಲ್ಲಿ ಅಲ್ಲಿ ಪ್ರೀ-ವೆಡ್ಡಿಂಗ್ ಜೋಡಿಗಳೂ ಮಾಡೆಲ್‌ಗಳೂ ಕ್ಯಾಮೆರಾದ ಮುಂದೆ ನಿಲ್ಲುತ್ತಾರೆ.

ಅಲ್ಲಿ ಚಿತ್ರ ತೆಗೆಯಬಾರದು ಎಂದು ನಾನು ಹೇಳುವುದಿಲ್ಲ. ಸೂರಿಲ್ಲದ ಗೋಡೆಗಳ ನಡುವೆ ಇಳಿಯುವ ಬೆಳಗಿನ ಬೆಳಕು ಯಾವ ಸ್ಟುಡಿಯೋದಲ್ಲಿಯೂ ಸಿಗುವಂಥದ್ದಲ್ಲ. ನನ್ನ ತಕರಾರು ಇರುವುದು ಮಾಡೆಲ್‌ನನ್ನು ಅಲ್ಲಿ ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಬಗ್ಗೆ. ಕ್ಯಾಮೆರಾ ಹಿಡಿದವರು ಬಯಲಿನಲ್ಲಿ ಇರುತ್ತಾರೆ. ಕಮಾನಿನ ಕೆಳಗೆ, ಗೋಡೆಗೆ ಒರಗಿ, ಮೇಲೇನಿದೆ ಎಂದು ತಲೆಯೆತ್ತಿ ನೋಡುವ ಅವಕಾಶವೂ ಇಲ್ಲದೆ ನಿಲ್ಲುವವರು ಮಾಡೆಲ್. ಅಪಾಯವೆಲ್ಲ ಒಬ್ಬರ ಪಾಲಿಗೆ, ನಿರ್ಧಾರವೆಲ್ಲ ಇನ್ನೊಬ್ಬರ ಕೈಯಲ್ಲಿ.

ಆ ಗೋಡೆಗಳ ಸ್ಥಿತಿಯನ್ನು ಒಮ್ಮೆ ಯೋಚಿಸಿ. ವರ್ಷ ವರ್ಷವೂ ನೀರಿನಲ್ಲಿ ನೆನೆದು ಬಿಸಿಲಿಗೆ ಒಣಗುವ ಗಾರೆಯಿಂದ ಸುಣ್ಣ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗುತ್ತದೆ. ನೀರು ಆವಿಯಾಗುವಾಗ ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ತಳ್ಳುತ್ತದೆ. ಕಮಾನು ತನ್ನ ಭಾರವನ್ನು ಎರಡೂ ಬದಿಗೆ ದೂಡುತ್ತಲೇ ಇರುತ್ತದೆ, ಅದನ್ನು ತಡೆಯುವ ಅಕ್ಕಪಕ್ಕದ ಗೋಡೆ ಸಡಿಲಾದರೆ ಇಟ್ಟಿಗೆ ಉದುರುವುದಕ್ಕೆ ಭೂಕಂಪವೇನೂ ಬೇಕಿಲ್ಲ. ನೆಲವನ್ನೂ ನಂಬುವಂತಿಲ್ಲ. ಹೊಸದಾಗಿ ನೀರು ಸರಿದ ಕಡೆ ಮೇಲ್ಪದರ ಬಿರುಕುಬಿಟ್ಟು ಗಟ್ಟಿಯಾದಂತೆ ಕಂಡರೂ ಕೆಳಗೆ ಕೆಸರು ಮೆತ್ತಗೇ ಇರುತ್ತದೆ, ಹೈ ಹೀಲ್ಸ್ ಹಾಕಿ ಉದ್ದನೆಯ ಗೌನ್ ಎಳೆದುಕೊಂಡು ನಡೆಯುವವರ ಕಾಲು ಮೊದಲು ಹುದುಗುವುದು ಅಲ್ಲಿಯೇ.

ಕಟ್ಟಡ ಕುಸಿಯುವ ಭಯವಿದ್ದಾಗ ಅಗ್ನಿಶಾಮಕ ಸಿಬ್ಬಂದಿ ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರವನ್ನು ಅಪಾಯದ ವಲಯವೆಂದು ಗುರುತಿಸುವ ರೂಢಿಯಿದೆ. 30 ಅಡಿಯ ಗೋಡೆಯಾದರೆ 45 ಅಡಿ. ಅಷ್ಟು ದೂರ ನಿಂತರೆ ಚಿತ್ರದಲ್ಲಿ ಚರ್ಚ್ ಚಿಕ್ಕದಾಗುತ್ತದೆ ಎನ್ನುವ ಗೆಳೆಯರಿಗೆ ನನ್ನ ವಿನಂತಿ ಇಷ್ಟೇ: ಅಗಲವಾದ ನೋಟ ಕೊಡುವ 24 ಎಂಎಂ ಲೆನ್ಸನ್ನು ಚೀಲಕ್ಕೆ ಹಾಕಿ, ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಹೊರತೆಗೆಯಿರಿ, ನೀವೂ ಅಷ್ಟೇ ಹಿಂದಕ್ಕೆ ನಡೆಯಿರಿ. ದೂರದಿಂದ ತೆಗೆದಾಗ ಹಿನ್ನೆಲೆ ಮುಂದಕ್ಕೆ ಬಂದಂತೆ ಕಾಣುತ್ತದೆ. ಮಾಡೆಲ್ ಬಯಲಿನಲ್ಲಿ ಸುರಕ್ಷಿತವಾಗಿ ನಿಂತಿದ್ದರೂ ಹಿಂದಿನ ಕಮಾನು ಚೌಕಟ್ಟನ್ನು ತುಂಬುತ್ತದೆ. ಗೋಡೆ ಏರುವ ಪೋಸುಗಳನ್ನಂತೂ ಕೈಬಿಡಲೇಬೇಕು, ಏಕೆಂದರೆ ಒಂದು ಚಿತ್ರಕ್ಕಾಗಿ ಕಿತ್ತುಬಂದ ಇಟ್ಟಿಗೆಯನ್ನು ಮರಳಿ ಕೂರಿಸುವವರು ಅಲ್ಲಿ ಯಾರೂ ಇಲ್ಲ. ಒಂದು ಕಾಲಕ್ಕೆ ಅದು ಜನ ಪ್ರಾರ್ಥನೆಗೆ ಸೇರುತ್ತಿದ್ದ ಜಾಗ, ಊರು ಬಿಟ್ಟುಹೋದವರಿಗೆ ಈಗಲೂ ಅದು ಬರೀ ಹಿನ್ನೆಲೆಯಲ್ಲ.

ಮಾಡೆಲ್‌ಗಳಿಗೂ ಒಂದು ಮಾತು. ಇಂಥ ಶೂಟ್ ಒಪ್ಪಿಕೊಳ್ಳುವ ಮೊದಲು ಕ್ಯಾಮೆರಾ ಹಿಡಿಯುವವರನ್ನು, ಈ ತಿಂಗಳಲ್ಲಿ ನೀವೇ ಹೋಗಿ ಜಾಗ ನೋಡಿದ್ದೀರಾ, ನನ್ನನ್ನು ಗೋಡೆಯಿಂದ ಎಷ್ಟು ದೂರ ನಿಲ್ಲಿಸುತ್ತೀರಿ, ಸ್ಥಳದಲ್ಲಿ ನಾನು ಬೇಡವೆಂದರೆ ಆ ಪೋಸನ್ನು ಬಿಡುತ್ತೀರಾ ಎಂದು ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸುವವರಿಂದ ಅಡ್ವಾನ್ಸ್ ತೆಗೆದುಕೊಳ್ಳಬೇಡಿ.