ಕೆಲಸಕ್ಕೆ ಹೊರಟವರ ಗನ್ ಎಲ್ಲಿರಬೇಕು?

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಯಾರ ಮನೆಯಲ್ಲಿ ಗನ್ ಇದೆ ಅಂತ ಕೈ ಎತ್ತಿಸಲು ಹೋಗುವುದಿಲ್ಲ. ಇದ್ದವರೂ ಎತ್ತುವುದಿಲ್ಲ ಅಂತ ಗೊತ್ತು. ನನ್ನ ಹತ್ತಿರ ಒಂದು ಪಿಸ್ತೂಲು ಇದೆ. ನಾನು ಕೆಲಸ ಮಾಡುವ ಕಂಪನಿಯ ನಿಯಮದಲ್ಲಿ, ಟೆಕ್ಸಾಸ್‌ನ ಬಹಳಷ್ಟು ಕಂಪನಿಗಳಲ್ಲಿ ಇರುವ ಹಾಗೆ, ಕಟ್ಟಡದೊಳಗೆ ಆಯುಧ ತರಕೂಡದು ಅಂತಿದೆ. ಈ ಎರಡರ ನಡುವೆ ಬದುಕುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಅಮೆರಿಕಕ್ಕೆ ಬಂದಿರುವ ನಮ್ಮವರಿಗೇ ಸಂಬಂಧಪಟ್ಟ ಒಂದು ಎಚ್ಚರಿಕೆ. ಕೆಲಸದ ಎಚ್-1ಬಿ, ಓದಿನ ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಕಂಪನಿ ನಿಯಮದ ಪ್ರಶ್ನೆಯೇ ಬರುವುದಿಲ್ಲ. ಹಂಟಿಂಗ್ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಅವರ ಕೈಯಲ್ಲಿ ಗನ್ ಇರುವುದನ್ನೇ ಫೆಡರಲ್ ಕಾನೂನು ಅಪರಾಧ ಅನ್ನುತ್ತದೆ. ಗ್ರೀನ್ ಕಾರ್ಡ್ ಬಂದವರ ಮಾತು ಬೇರೆ. "ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಗನ್‌ನಲ್ಲಿ ನಾಲ್ಕು ಗುಂಡು ಹಾರಿಸಿದರೆ ಏನಾಯ್ತು ಮಾರಾಯ್ರೇ" ಅನ್ನುವವರಿದ್ದಾರೆ. ಫ್ಲಾರಿಡಾಕ್ಕೆ ಓದಲು ಬಂದಿದ್ದ ಯುಎಇ ದೇಶದ ವಿದ್ಯಾರ್ಥಿಯೊಬ್ಬ ಕಾಲೇಜು ತಪ್ಪಿ, ಇಲ್ಲಿ ಇರುವ ಹಕ್ಕು ಕಳೆದುಕೊಂಡ ಮೇಲೆ ರೇಂಜಿನಲ್ಲಿ ಗುಂಡು ಹಾರಿಸಿದ್ದಕ್ಕೇ ಕೇಸು ಬಿತ್ತು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. ತನಗೆ ಆ ಹಕ್ಕು ಇಲ್ಲವೆಂದು ಅವನಿಗೆ ಗೊತ್ತಿತ್ತು ಅನ್ನುವುದನ್ನೂ ಸರ್ಕಾರವೇ ಸಾಬೀತು ಮಾಡಬೇಕು ಅಂತ 2019ರಲ್ಲಿ ಕೋರ್ಟ್ ಹೇಳಿತು. ಅವನ ಪಾಲಿಗೆ ಅಷ್ಟು ಸಿಕ್ಕಿತು, ಸರಿ. ಆದರೆ ಒಂದು ಸಂಜೆಯ ಮೋಜಿಗೆ ಅಷ್ಟು ದೂರ ಹೋಗುವ ಆಸೆ ಯಾರಿಗಿದೆ?

ಇನ್ನು ಹಕ್ಕಿರುವವರ ವಿಷಯ. "ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿ ಇದೆಯಲ್ಲ, ಕಂಪನಿ ಹೇಗೆ ಬೇಡ ಅನ್ನುತ್ತೆ?" ಅಂತ ಕೇಳುತ್ತಾರೆ. ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು. ಖಾಸಗಿ ಮಾಲೀಕ ತನ್ನ ಜಾಗಕ್ಕೆ ತನ್ನ ಷರತ್ತು ಹಾಕಬಹುದು. ಮೀರಿದವರನ್ನು ಮನೆಗೆ ಕಳಿಸಬಹುದು. ನಿಜವಾದ ಜಗಳ ಇರುವುದು ಪಾರ್ಕಿಂಗ್‌ನಲ್ಲಿ: ನೆಲ ಕಂಪನಿಯದು, ಕಾರು ನನ್ನದು.

ಈ ಜಗಳ ದೇಶದ ಗಮನಕ್ಕೆ ಬಂದದ್ದು ಒಕ್ಲಹೋಮಾದ ವ್ಯಾಲಿಯಂಟ್ ಎಂಬ ಸಣ್ಣ ಊರಿನಿಂದ. ಅಲ್ಲಿ ವೇಯರ್‌ಹೌಸರ್ ಕಂಪನಿಯ ಕಾಗದದ ಕಾರ್ಖಾನೆ ಇತ್ತು. ಸುತ್ತ ಕಾಡು; ಜಿಂಕೆ ಬೇಟೆಯ ಕಾಲದಲ್ಲಿ ಪಿಕಪ್ ಗಾಡಿಯಲ್ಲಿ ಕೋವಿ ಇಟ್ಟುಕೊಂಡೇ ಪಾಳಿಗೆ ಬರುವ ಜನ. 2002ರಲ್ಲಿ ಕಂಪನಿ ಮೂಸುವ ನಾಯಿಗಳನ್ನು ಕರೆಸಿ ಪಾರ್ಕಿಂಗ್ ಜಾಲಾಡಿಸಿತು. ಗಾಡಿಗಳಲ್ಲಿ ಗನ್ ಸಿಕ್ಕವರು ಕೆಲಸ ಕಳೆದುಕೊಂಡರು. ಕೋರ್ಟಿಗೆ ಹೋದವರು 2006ರಲ್ಲಿ ಮೇಲ್ಮನವಿಯಲ್ಲೂ ಸೋತರು. ಆದರೆ ಅಷ್ಟರೊಳಗೆ ರಾಜ್ಯದ ಶಾಸನಸಭೆ ಎದ್ದಿತ್ತು: ಬೀಗ ಹಾಕಿದ ಸ್ವಂತ ಗಾಡಿಯಲ್ಲಿ ಗನ್ ಇಡುವುದನ್ನು ಮಾಲೀಕರು ತಡೆಯುವಂತಿಲ್ಲ ಅಂತ 2004ರಲ್ಲೇ ಕಾನೂನು ಮಾಡಿತ್ತು. ಈ ಸಲ ಕಂಪನಿಗಳು ಕೋರ್ಟಿಗೆ ಓಡಿದವು. ಕೆಲಸದ ಜಾಗವನ್ನು ಸುರಕ್ಷಿತವಾಗಿ ಇಡಿ ಅನ್ನುತ್ತದೆ ಫೆಡರಲ್ ಕಾನೂನು; ಅದಕ್ಕೆ ಇದು ವಿರುದ್ಧ ಅನ್ನುವುದು ಅವರ ವಾದ. 2007ರಲ್ಲಿ ಕೆಳಗಿನ ಕೋರ್ಟ್ ಒಪ್ಪಿತು, 2009ರಲ್ಲಿ ಮೇಲಿನ ಕೋರ್ಟ್ ತಳ್ಳಿಹಾಕಿತು.

ಒಕ್ಲಹೋಮಾ ಕಾನೂನು ಮಾಡಿದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಇದೇ ದಾರಿ ಹಿಡಿಯಿತು. ಫ್ಲಾರಿಡಾ 2008ರಲ್ಲಿ ಮಾಡಿತು. ಸ್ಫೋಟಕದ ಪರ್ಮಿಟ್ ಇರುವ ಜಾಗಕ್ಕೆ ಅಲ್ಲಿ ವಿನಾಯಿತಿ ಇತ್ತು. ಡಿಸ್ನಿ ವರ್ಲ್ಡ್‌ನವರು ತಮ್ಮ ಪಟಾಕಿ ಪ್ರದರ್ಶನದ ಪರ್ಮಿಟ್ ತೋರಿಸಿ, ನಮಗೆ ಈ ಕಾನೂನು ಅನ್ವಯಿಸುವುದಿಲ್ಲ ಅಂದರು. ವಕೀಲರಿಗೆ ಸಂಬಳ ಕೊಡುವುದು ಸುಮ್ಮನೆ ಅಲ್ಲ.

ನಮ್ಮ ಟೆಕ್ಸಾಸ್‌ನಲ್ಲಿ ಇದು ಜಾರಿಗೆ ಬಂದದ್ದು 2011ರ ಸೆಪ್ಟೆಂಬರ್‌ನಲ್ಲಿ. ಗನ್ ಕಾನೂನುಬದ್ಧವಾಗಿರಬೇಕು, ಸ್ವಂತ ಕಾರಾಗಿರಬೇಕು, ಬೀಗ ಹಾಕಿರಬೇಕು. ಕಂಪನಿಯ ಕಾರಾದರೆ ಈ ರಕ್ಷಣೆ ಇಲ್ಲ. ಕಾವಲು ಬೇಲಿಯೊಳಗಿನ ರಿಫೈನರಿ, ಕೆಮಿಕಲ್ ಪ್ಲಾಂಟ್‌ಗಳಿಗೆ ವಿನಾಯಿತಿ ಇದೆ. ಹ್ಯೂಸ್ಟನ್ ಕಡೆ ಕೆಲಸ ಮಾಡುವವರು ಇದನ್ನು ಓದಿಕೊಳ್ಳಿ. ಕಟ್ಟಡದೊಳಗೆ ಬೇಡ ಅನ್ನುವ ಅಧಿಕಾರ ಮಾತ್ರ ಮಾಲೀಕರ ಹತ್ತಿರವೇ ಉಳಿದಿದೆ. ಬಾಗಿಲ ಮೇಲೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಒಂದು ಇಂಚಿನ ಅಕ್ಷರದ 30.06 ಫಲಕ, ಅಂದರೆ ಲೈಸೆನ್ಸ್ ಇದ್ದವರೂ ಗನ್ ಬಚ್ಚಿಟ್ಟುಕೊಂಡು ಒಳಗೆ ಬರಕೂಡದು ಅನ್ನುವ ಫಲಕ, ನೋಡಿರುತ್ತೀರಿ. ಗನ್ ಬಚ್ಚಿಟ್ಟುಕೊಂಡು ಆ ಫಲಕ ದಾಟಿದರೆ ಅದು ಕಾನೂನಿನ ಉಲ್ಲಂಘನೆ. ಎಚ್‌ಆರ್ ಪುಸ್ತಕದ ನಿಯಮ ಮುರಿದರೆ ಹೋಗುವುದು ಕೆಲಸ. ಎರಡೂ ಒಂದೇ ಅಂದುಕೊಳ್ಳಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಒಳಗೆ ಬೇಡ ಅನ್ನುವ ನಿಯಮ ನನಗೆ ಒಪ್ಪಿಗೆ. ಲೇಆಫ್ ದಿನ ಮೀಟಿಂಗ್ ರೂಮಿನಲ್ಲಿ ಯಾರ ಸೊಂಟದಲ್ಲಿ ಏನಿದೆ ಅಂತ ಯೋಚಿಸುತ್ತಾ ಕೂರುವುದು ಯಾರಿಗೂ ಬೇಡ. ನನಗೆ ಕಸಿವಿಸಿ ಇರುವುದು ಗನ್ ಇಟ್ಟುಕೊಂಡವರು ಗೆದ್ದ ಆ ಕಾರಿನ ಹಕ್ಕಿನ ಬಗ್ಗೆ. ಗನ್ ಇಡಲು ಕಾರಿಗಿಂತ ಕೆಟ್ಟ ಜಾಗ ಇಲ್ಲ. ಕಿಟಕಿ ಒಡೆಯಲು ಕಳ್ಳನಿಗೆ ಕೆಲವೇ ಸೆಕೆಂಡು ಸಾಕು, ಗ್ಲೋವ್ ಬಾಕ್ಸ್ ಬೀಗ ಬೀಗವೇ ಅಲ್ಲ. ಬೆಳಿಗ್ಗೆ ಡ್ರೈವರ್ ಸೀಟಿನಲ್ಲಿ ಕೂತು, ಸೊಂಟ ತಿರುಚಿ, ಗುಂಡು ತುಂಬಿದ ಗನ್ ಬಿಚ್ಚುವುದು, ಸಂಜೆ ಮತ್ತೆ ಸಿಕ್ಕಿಸುವುದು. ಕೈತಪ್ಪಿ ಗುಂಡು ಹಾರುವುದು ಇಂಥ ಹೊತ್ತಿನಲ್ಲೇ. ಹಕ್ಕು ಇದೆ ಅಂತ ದಿನಾ ಒಯ್ಯಬೇಕೇ? ನನ್ನದು ಕೆಲಸದ ದಿನ ಮನೆಯ ಸೇಫ್‌ನಲ್ಲೇ ಇರುತ್ತದೆ. ಕೆಲಸ ಮುಗಿಸಿ ನೇರ ರೇಂಜಿಗೆ ಹೋಗುವವರು ಸೀಟಿನ ಕಂಬಿಗೆ ಉಕ್ಕಿನ ಕೇಬಲ್‌ನಿಂದ ಬಿಗಿಯುವ ಲಾಕ್‌ಬಾಕ್ಸ್ ಕೊಳ್ಳಿ. ಗನ್ ಮನೆಯಲ್ಲೇ ಅದರೊಳಗೆ ಹೋಗಲಿ, ಪಾರ್ಕಿಂಗ್‌ನಲ್ಲಿ ಅಲ್ಲ. ಕಾರಿನ ಗಾಜಿಗೆ ಗನ್ ಕಂಪನಿ ಸ್ಟಿಕ್ಕರ್ ಅಂಟಿಸಿದವರು ದಯವಿಟ್ಟು ಕಿತ್ತುಬಿಡಿ, ಕಳ್ಳರೂ ಓದುತ್ತಾರೆ.

ಇಲ್ಲಿರುವ ಕೊಡಗಿನವರು ನಗುತ್ತಿರಬಹುದು. ಅವರ ಊರಲ್ಲಿ ಕೈಲ್‌ಪೋದು ಹಬ್ಬಕ್ಕೆ ಕೋವಿ ಪೂಜೆ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿಯಲ್ಲೂ ಪಿಸ್ತೂಲು, ರಿವಾಲ್ವರ್ ಇಲ್ಲ.

ಕೊನೆಗೆ, ವರ್ಗಾವಣೆಯ ಸಂಗತಿ. ನಮ್ಮಲ್ಲಿ ಡಲ್ಲಾಸ್‌ನಿಂದ ಸ್ಯಾನ್ ಹೋಸೆಗೆ ಹೋಗಿಬರುವವರು ಬಹಳ ಜನ. ಗನ್ ಒಯ್ಯಲು ಟೆಕ್ಸಾಸ್ ಕೊಡುವ ಲೈಸೆನ್ಸನ್ನು ಕ್ಯಾಲಿಫೋರ್ನಿಯಾ ಮಾನ್ಯ ಮಾಡುವುದಿಲ್ಲ, ಅಲ್ಲಿ ಪಾರ್ಕಿಂಗ್ ಕಾನೂನಿನ ಈ ರಕ್ಷಣೆಯೂ ಇಲ್ಲ. ಒಂದೇ ಕಂಪನಿ, ಒಂದೇ ಬ್ಯಾಡ್ಜ್ ಆದರೂ ಆ ರಾಜ್ಯದ ನಿಯಮ ಬೇರೆಯೇ. ಹೊರಡುವ ಮುಂಚೆ ಎಚ್‌ಆರ್‌ಗೆ ಲಿಖಿತವಾಗಿ ಕೇಳಿ. "ನನ್ನ ಹತ್ತಿರ ಗನ್ ಇದೆ" ಅಂತ ಬರೆಯಬೇಕಿಲ್ಲ, "ಪಾರ್ಕಿಂಗ್ ಬಗ್ಗೆ ಕಂಪನಿಯ ನೀತಿ ಏನು" ಅಂದರೆ ಸಾಕು. ಈಗ ಪ್ರಶ್ನೆಗಳಿದ್ದರೆ ಕೇಳಿ.