ಕಾಗದ ಓದಿ ಹೇಳುವವರು ಬೇಕು

ವೇದಿಕೆಯಲ್ಲಿರುವ ಹಿರಿಯರಿಗೆ, ಇಂಥ ಮಳೆಯಲ್ಲೂ ಬಂದು ಕೂತಿರುವ ನಿಮಗೆಲ್ಲರಿಗೂ ನಮಸ್ಕಾರ.

ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಈ ತಂತ್ರಜ್ಞಾನದ ಮೇಲೆ ನನಗಿರುವ ಆಸೆ ಕೌಂಟರಿನ ಆಚೆ ಬದಿ ನಿಂತವರ ಪರವಾಗಿಯೇ ಇದೆ. "ಸಾರ್, ಇದ್ರಲ್ಲಿ ಎಂತ ಬರ್ದಿದ್ದಾರೆ, ಒಮ್ಮೆ ಓದಿ ಹೇಳಿ" ಎಂದು ಕಾಗದ ಹಿಡಿದುಕೊಂಡು ಬರುವವರು ದಿನಾ ಇರುತ್ತಿದ್ದರು. ಅವರಲ್ಲಿ ಎಷ್ಟೋ ಜನರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು. ಕಾಗದ ಇಂಗ್ಲಿಷಿನಲ್ಲಿರುತ್ತಿತ್ತು, ಅಷ್ಟೇ. ಕನ್ನಡದಲ್ಲಿದ್ದರೂ ಅದು ಆಫೀಸಿನ ಕನ್ನಡ, ಎರಡು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಓದಿ ಹೇಳುವ ಆ ಕೆಲಸಕ್ಕೆ ಯಂತ್ರ ಬರಲಿ, ಪ್ರತಿ ಮನೆಗೂ ಬರಲಿ ಎಂಬುದು ನನ್ನ ಆಸೆ.

ಒಂದು ಕಾಗದವನ್ನೇ ತೆಗೆದುಕೊಳ್ಳುವ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಕಾಗದ ಕೊಡುತ್ತಾರೆ. ಒಂದು ಮಾತ್ರೆಯ ಮುಂದೆ 1-0-1. ಇನ್ನೊಂದರ ಮುಂದೆ ಟಿಡಿಎಸ್. ಮತ್ತೊಂದರ ಮುಂದೆ ಎಸ್‌ಒಎಸ್. ಮೊದಲನೆಯದ್ದು ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಎರಡನೆಯದ್ದು ದಿನಕ್ಕೆ ಮೂರು ಸಲ. ಮೂರನೆಯದ್ದು ಅಗತ್ಯ ಬಿದ್ದರೆ ಮಾತ್ರ. ಇದು ಗೊತ್ತಿಲ್ಲದೆ ನೋವಿನ ಮಾತ್ರೆಯನ್ನು ಮೂರು ಹೊತ್ತೂ ನುಂಗಿದರೆ ಹೊಟ್ಟೆ ಕೆಡಬಹುದು, ಕಿಡ್ನಿಗೂ ಪೆಟ್ಟಾಗಬಹುದು. ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ. ಮನೆಯಲ್ಲಿ ಅಮ್ಮ ಒಬ್ಬರೇ. ಅವರು ಮೊಬೈಲಿನಲ್ಲಿ ಆ ಕಾಗದದ ಫೋಟೋ ತೆಗೆದು, "ಇದು ಊಟಕ್ಕೆ ಮೊದಲಾ, ಮತ್ತೆಯಾ?" ಅಂತ ಕೇಳುವಂತಾಗಬೇಕು. ಅದು ನಿಧಾನವಾಗಿ ಬಿಡಿಸಿ ಹೇಳಬೇಕು. ಸಂಜೆ ಮರೆತು ಪುನಃ ಕೇಳಿದರೆ ಬೇಸರವಿಲ್ಲದೆ ಪುನಃ ಹೇಳಬೇಕು. ಫೋಟೋದಲ್ಲಿರುವ ಅಕ್ಷರ ಓದುವುದು, ಕನ್ನಡದಲ್ಲಿ ಉತ್ತರ ಕೊಡುವುದು, ಎರಡೂ ಈಗಲೇ ಆಗುತ್ತಿದೆ.

ಆದರೆ ಒಂದು ವಿಷಯ ನಾವು ಗಟ್ಟಿಯಾಗಿ ಕೇಳಬೇಕು. ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕಿ ಮಾತು ಜೋಡಿಸುವ ಯಂತ್ರ ಇದು. ಡಾಕ್ಟರ ಕೈಬರಹ ತಿಳಿಯದಿದ್ದರೂ ಏನೋ ಒಂದನ್ನು ಧೈರ್ಯವಾಗಿ ಹೇಳಿಬಿಡುವುದುಂಟು. ಮದ್ದಿನ ವಿಷಯದಲ್ಲಿ ಇದು ನಡೆಯುವುದಿಲ್ಲ. "ಇದು ನನಗೆ ಓದ್ಲಿಕ್ಕೆ ಆಗ್ತಾ ಇಲ್ಲ, ಮೆಡಿಕಲ್‌ನಲ್ಲಿ ಕೇಳಿ" ಎನ್ನುವ ಯಂತ್ರ ಮಾಡಿಕೊಡಿ ಎಂದು ಮಾಡುವವರ ಹತ್ತಿರ ಹೇಳಬೇಕು.

ಆಸ್ಪತ್ರೆಯ ಒಳಗೆ ಇದರ ಉಪಯೋಗ ಆಗಲೇ ಶುರುವಾಗಿದೆ. ಎದೆಯ ಎಕ್ಸ್‌ರೇ ನೋಡಿ ಕ್ಷಯದ ಸುಳಿವು ಹುಡುಕಲು ಇಂಥ ಸಾಫ್ಟ್‌ವೇರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಎಕ್ಸ್‌ರೇ ಯಂತ್ರ ಇದ್ದು, ಅದನ್ನು ಓದುವ ತಜ್ಞರು ಇಲ್ಲದ ಕಡೆ ಇದು ಸಣ್ಣ ಸಹಾಯವಲ್ಲ.

ಇನ್ನು ತೋಟದ ವಿಷಯ. ಅಡಿಕೆ ಇರುವವರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ. ಕೊಳೆರೋಗಕ್ಕೆ ಮದ್ದು ಬಿಡುವ ಕಷ್ಟ ನಿಮಗೆ ಹೇಳಿಕೊಡಬೇಕಾಗಿಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಸುಲಭ, ದಿನ ಸಿಗುವುದೇ ಕಷ್ಟ. ಮಳೆಗೆ ಮೊದಲು ಒಂದು ಸಲ ಬಿಟ್ಟರೆ, ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಬಿಡಬೇಕು. ಅದು ಬಂದು ಬೀಳುವುದು ಸರಿಯಾಗಿ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಮಳೆಯ ಹೊತ್ತಿಗೆ. ಮರ ಹತ್ತುವವರು ಸಿಕ್ಕಿದ ದಿನ ಜಡಿಮಳೆ. ಹೊಳವಾದ ದಿನ ಅವರು ಬೇರೆಯವರ ತೋಟದಲ್ಲಿ. ಹೇಗೋ ಬಿಟ್ಟು ಮುಗಿಸಿದ ಕೂಡಲೇ ಮಳೆ ಹೊಯ್ದರೆ ಮದ್ದೂ ಹೋಯ್ತು, ಕೂಲಿಯೂ ಹೋಯ್ತು. ಅಲ್ವಾ?

ಹವಾಮಾನದಲ್ಲಿ ಈ ತಂತ್ರಜ್ಞಾನ ನಿಜವಾಗಿಯೂ ಮುಂದೆ ಹೋಗಿದೆ. ಹಲವು ದಶಕಗಳ ದಾಖಲೆಯಿಂದ ಕಲಿತ ಗ್ರಾಫ್‌ಕಾಸ್ಟ್ ಎಂಬ ಮಾದರಿ 2023ರಲ್ಲಿ ಬಂತು. ಹತ್ತು ದಿನದ ಮುನ್ಸೂಚನೆಯನ್ನು ಅದು ಒಂದು ನಿಮಿಷದೊಳಗೆ ಕೊಡುತ್ತದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇಂಥ ಮಾದರಿಗಳ ಸಹಾಯದಿಂದ ಮಳೆ ಶುರುವಾಗುವ ಸಮಯವನ್ನು ಅಂದಾಜು ಮಾಡಿ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶ ಕಳಿಸಿತು. ಒಳ್ಳೆಯ ಕೆಲಸ. ಆದರೆ ನಮ್ಮ ಪ್ರಶ್ನೆ ಬೇರೆ. ಬಯಲುಸೀಮೆಯ ರೈತರಿಗೆ ಮಳೆ ಯಾವಾಗ ಬರುತ್ತದೆ ಅಂತ ತಿಳಿಯಬೇಕು. ಕರಾವಳಿಯ ನಮಗೆ ನಡುವೆ ಮಳೆ ಯಾವಾಗ ಬಿಡುತ್ತದೆ ಅಂತ ತಿಳಿಯಬೇಕು. ಪುತ್ತೂರಿನಲ್ಲಿ ಹೊಯ್ಯುವಾಗ ವಿಟ್ಲದಲ್ಲಿ ಬಿಸಿಲಿರುವುದುಂಟು. "ನಾಳೆ ಬೆಳಿಗ್ಗೆಯಿಂದ ಸಂಜೆವರೆಗೆ ನಿಮ್ಮ ಊರಿನಲ್ಲಿ ಹೊಳವು ಸಿಗಬಹುದು" ಎಂದು ಹಿಂದಿನ ದಿನ ತಿಳಿದರೆ ಸಾಕು, ಜನ ಮಾಡಿಕೊಳ್ಳಬಹುದು. ಅದಕ್ಕೆ ಗ್ರಾಮ ಗ್ರಾಮದ ಮಳೆಯ ಲೆಕ್ಕ ಬೇಕು. ಮನೆಯಲ್ಲಿ ಮಳೆಮಾಪಕ ಇಟ್ಟು ವರ್ಷಗಟ್ಟಲೆ ಬರೆದಿಟ್ಟ ಕೃಷಿಕರು ನಮ್ಮಲ್ಲಿದ್ದಾರೆ. ಆ ನೋಟ್‌ಪುಸ್ತಕಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ಮಲ್ಪೆಯ ಬೋಟಿನವರಿಗೆ ಮೀನು ಎಲ್ಲಿ ಸಿಗಬಹುದು ಎಂಬ ಸೂಚನೆ ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆಯಿಂದ ಬರುತ್ತದೆ. ಸಮುದ್ರದ ಮೇಲ್ಮೈಯ ಬಿಸಿ, ನೀರಿನ ಹಸಿರು ಅಂಶ, ಇವನ್ನು ಉಪಗ್ರಹದಿಂದ ನೋಡಿ ಹೇಳುತ್ತಾರೆ. ಅದನ್ನೂ ಗಾಳಿಯ ಎಚ್ಚರಿಕೆಯನ್ನೂ ಬೋಟು ನಡೆಸುವ ತಾಂಡೇಲರು ಬಾಯಲ್ಲೇ ಕೇಳಿ ತಿಳಿದುಕೊಳ್ಳುವಂತಾದರೆ ಒಳ್ಳೆಯದು.

ಬಾಯಲ್ಲೇ ಎಂದೆ. ಯಾವ ಭಾಷೆಯಲ್ಲಿ? ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರುವಾಯಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಜಗಲಿಗೆ ಬ್ಯಾಂಕೇ ಬಂತು. ನಾನು ಕಂಡ ಪಿಗ್ಮಿಯವರು ಅಂಗಡಿಯಲ್ಲಿ ಕೊಂಕಣಿ, ಮೀನು ಮಾರುವವರ ಹತ್ತಿರ ತುಳು, ಅತ್ತ ಕುಂದಾಪುರದ ಕಡೆ ಹೋದರೆ ಅಲ್ಲಿಯ ಕನ್ನಡ ಮಾತಾಡುತ್ತಿದ್ದರು. ಕೃತಕ ಬುದ್ಧಿಮತ್ತೆಯೂ ಹಾಗೆ ಬರಬೇಕು.

ನಮ್ಮ ದೇಶದ ಭಾಷೆಗಳ ಅನುವಾದಕ್ಕೆ, ಮಾತಿಗೆ ಯಂತ್ರವನ್ನು ಸಜ್ಜುಮಾಡುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಅದರ ಮುಖ್ಯ ಗಮನ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಮೇಲೆ. ಕೊಂಕಣಿ ಆ ಪಟ್ಟಿಯಲ್ಲಿದೆ. ತುಳು ಇಲ್ಲ, ಬ್ಯಾರಿ ಇಲ್ಲ. ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಆದರೆ ಬರೆದದ್ದನ್ನು ಅನುವಾದಿಸಿದರೆ ಸಾಲದು. ಹಲ್ಲಿಲ್ಲದ ಅಜ್ಜಿಯ ತುಳು ಅದಕ್ಕೆ ಕೇಳಿಸಬೇಕು.

ಕೇಳಿಸಿಕೊಂಡರೆ ಮಾತ್ರ ಯಂತ್ರ ಕಲಿಯುತ್ತದೆ. ಕೇಳಿಸಬೇಕಾದವರು ನಾವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟು ಆರು ಸಂಪುಟಗಳಲ್ಲಿ ಬಂತು, 1988ರಿಂದ 1997ರವರೆಗೆ. ಬೇರೆ ಬೇರೆ ಕಡೆಯ, ಬೇರೆ ಬೇರೆ ಜನರ ತುಳು ಅದರಲ್ಲಿದೆ. ಅಷ್ಟು ಶ್ರದ್ಧೆಯಿಂದ ಈಗ ಧ್ವನಿಯನ್ನು ಕೂಡಿಡುವ ಕೆಲಸ ಆಗಬೇಕು. ಕಾಲೇಜಿನ ಮಕ್ಕಳೇ, ನಿಮ್ಮ ಮೊಬೈಲೇ ಸಾಕು. ಮನೆಯ ಹಿರಿಯರ ಹತ್ತಿರ ಕೂತು, ಅವರ ಒಪ್ಪಿಗೆ ಕೇಳಿ, ಮಾತಾಡಿಸಿ, ರೆಕಾರ್ಡ್ ಮಾಡಿ. ಯಾವ ಊರಿನ ಮಾತು, ಅವರಿಗೆ ಎಷ್ಟು ಪ್ರಾಯ, ಬರೆದಿಡಿ. ಅದನ್ನು ಯಾರಿಗೆ ಕೊಡಬೇಕು, ಯಾವ ಷರತ್ತಿನಲ್ಲಿ ಕೊಡಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ನಮ್ಮ ಊರಿನ ಕಾಲೇಜುಗಳು, ತುಳು ಮತ್ತು ಬ್ಯಾರಿ ಅಕಾಡೆಮಿಗಳು ಒಟ್ಟಿಗೆ ಕೂತರೆ ಇದು ಆಗದ ಕೆಲಸವೇನಲ್ಲ.

ನನಗೆ ಹೇಳಲಿಕ್ಕಿದ್ದದ್ದು ಇಷ್ಟು. ಈಗ ನೀವು ಕೇಳಿ. ತುಳುವಿನಲ್ಲಿ ಕೇಳಿದರೂ ಆಗುತ್ತದೆ.