ಕೈ ಇಳಿಸಿ, ಮೊದಲು ಒಣಗಲಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ನನಗೆ ಕೊಟ್ಟಿರೋ ಟೈಮು 40 ನಿಮಿಷ, ಹೇಳ್ಬೇಕು ಅಂತ ಬರ್ಕೊಂಡು ಬಂದಿರೋದು ಎರಡು ದಿನಕ್ಕಾಗೋಷ್ಟಿದೆ. ಅದಕ್ಕೆ ಮೇಕಪ್ಪಲ್ಲಿ ಪ್ರೈಮರ್ ಅಂದ್ರೇನು, ಯಾವ ಬ್ರಶ್ ಯಾವುದಕ್ಕೆ ಅನ್ನೋದಕ್ಕೆಲ್ಲ ಹೋಗಲ್ಲ, ಇಲ್ಲಿರೋರಿಗೆ ಅದೆಲ್ಲ ಗೊತ್ತೇ ಇದೆ. ನಾನು ಮಾತಾಡೋದು ಆಮೇಲಿನ ಕಥೆ. ಎಲ್ಲಾ ಚೆನ್ನಾಗೇ ಹೋಗ್ತಿರುತ್ತೆ, ಹೊರಡೋಕೆ ಹತ್ತು ನಿಮಿಷ ಇರುತ್ತೆ, ಆಗ ಐಲೈನರ್ ಹಿಡಿದ ಕೈ ಒಂಚೂರು ಅಲ್ಲಾಡುತ್ತೆ. ಎದೆ ಧಸಕ್ ಅನ್ನುತ್ತೆ. ಆ ಕ್ಷಣ ನಿಮ್ಮ ಇನ್ನೊಂದು ಕೈ ಏನ್ ಮಾಡುತ್ತೆ ಹೇಳಿ? ಉಜ್ಜುತ್ತೆ. ನೋಡಿ, ಎಲ್ಲಾರೂ ನಕ್ಕಿದ್ರಿ, ಅಂದ್ರೆ ಎಲ್ಲಾರೂ ಉಜ್ಜಿದೀರಿ.

ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ಮಾತು, ತಿರುಗಿಸಿ ತಿರುಗಿಸಿ ಅದನ್ನೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೇಕಪ್ಪಲ್ಲಿ ಆಗೋ ತಪ್ಪು ಸಾಮಾನ್ಯವಾಗಿ ಸಾಸಿವೆ ಕಾಳಷ್ಟೇ ಇರುತ್ತೆ. ಅದನ್ನ ಉಜ್ಜಿ ಉಜ್ಜಿ ಕುಂಬಳಕಾಯಿ ಮಾಡೋದು ನಾವು.

ಇದನ್ನ ನಾನು ಕಲಿತಿದ್ದು ಒಂದು ನಾಟಕದ ಗ್ರೀನ್ ರೂಮಲ್ಲಿ. ಆಗ ನಾನು ಹೊಸಬಳು, ಸೀನಿಯರ್ ಒಬ್ರಿಗೆ ಅಸಿಸ್ಟೆಂಟು, ಬ್ರಶ್ ತೊಳೆಯೋದು, ಸ್ಪಂಜ್ ಹಿಂಡಿ ಕೊಡೋದು, ಇಷ್ಟೇ ಕೆಲಸ. ಅವತ್ತು ಅವರು ರಾಜನ ಪಾತ್ರದವರಿಗೆ ಮೀಸೆ ಅಂಟಿಸ್ತಾ ಇದ್ರು, ನಾಯಕಿ ಪಾತ್ರದ ಹುಡುಗೀದು ಮುಖ ಎಲ್ಲಾ ಮುಗಿದಿತ್ತು, "ಮಸ್ಕರಾ ಒಂದು ನೀನೇ ಹಾಕ್ಬಿಡು" ಅಂದ್ರು. ನನಗೆ ಕಾಲು ನೆಲದ ಮೇಲಿಲ್ಲ. ಹಾಕ್ದೆ, ಚೆನ್ನಾಗೇ ಹಾಕ್ದೆ, ಎರಡು ಕಣ್ಣಿಗೂ ಎರಡೆರಡು ಕೋಟು. ಬ್ರಶ್ ಈಚೆ ತೆಗೆದಿದ್ದೇ ತಡ, ಹುಡುಗಿ ಸೀನಿಬಿಟ್ಲು. ಪೌಡರ್ ಹಾರಾಡೋ ರೂಮಲ್ಲಿ ಸೀನು ಏನ್ ಹೊಸದಲ್ಲ, ಯಾರಾದ್ರೂ ಒಬ್ರು ಸೀನ್ತಾನೇ ಇರ್ತಾರೆ, ಆದ್ರೆ ಸೀನುವಾಗ ಕಣ್ಣು ಬಿಗಿಯಾಗಿ ಮುಚ್ಕೊಳ್ಳುತ್ತಲ್ಲ, ಹಸಿ ರೆಪ್ಪೆಗೂದಲು ಕೆಳಗೆ ಒತ್ಕೊಂಡು ಎರಡೂ ಕಣ್ಣಿನ ಕೆಳಗೆ ಬಾಚಣಿಗೆ ಹಲ್ಲಿನ ಗುರುತಿನ ಹಾಗೆ ಕಪ್ಪು ಚುಕ್ಕೆ ಸಾಲಾಗಿ ನಿಂತ್ವು.

ನಾನು ಟಿಶ್ಯೂ ತಗೊಂಡು ಬಲಗಣ್ಣಿನ ಕೆಳಗೆ ಒರೆಸ್ದೆ. ಚುಕ್ಕೆ ಹೋಗಿ ಗೆರೆ ಆಯ್ತು. ಟಿಶ್ಯೂ ಒದ್ದೆ ಮಾಡ್ಕೊಂಡು ಒರೆಸ್ದೆ, ಗೆರೆ ಹೋಗಿ ಬೂದು ಮೋಡ ಆಯ್ತು. ಇನ್ನೂ ಒತ್ತಿ ಒರೆಸ್ದೆ, ಮೋಡದ ಜೊತೆ ಮುಖಕ್ಕೆಲ್ಲ ಬಳಿದಿದ್ದ ಫೌಂಡೇಶನ್ನೂ ಎದ್ದು ಬಂತು, ಕೆಳಗಿನ ಚರ್ಮ ಕೆಂಪಗೆ ಕಾಣೋಕೆ ಶುರುವಾಯ್ತು. ಆ ಒದ್ದೆ ಜಾಗದ ಮೇಲೇ ಇನ್ನಷ್ಟು ಫೌಂಡೇಶನ್ ಹಚ್ಚಿದೆ, ಅದು ರಬ್ಬರಲ್ಲಿ ಅಳಿಸಿದಾಗ ಬರೋ ಪುಡಿ ಥರ ಉಂಡೆ ಉಂಡೆಯಾಗಿ ಸುತ್ಕೊಂಡು ಬಂತು. ಕೆರೆದು ಹುಣ್ಣು ಮಾಡ್ಕೊಳ್ಳೋದು ಅಂತಾರಲ್ಲ, ಅದೇ. ಹುಡುಗಿ ಬಾಯ್ಬಿಟ್ಟು ಏನೂ ಹೇಳ್ಲಿಲ್ಲ, ಕನ್ನಡೀಲಿ ನನ್ನನ್ನೇ ನೋಡ್ತಿದ್ಲು, ಕಣ್ಣು ತುಂಬ್ಕೊಂಡಿತ್ತು. ಆ ನೋಟ ಈಗ್ಲೂ ನನಗೆ ಮರೆತಿಲ್ಲ. ನಾನು ಗಾಬರೀಲಿ ಎಡಗಣ್ಣಿಗೂ ಟಿಶ್ಯೂ ತಗೊಂಡು ಹೋದೆ, ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡ್ಕೊಂಡ್ರು.

ನಮ್ಮ ಸೀನಿಯರ್ರು. ಬೈಲಿಲ್ಲ. "ಕೈ ಇಳಿಸು. ಮೊದ್ಲು ಒಣಗ್ಲಿ" ಅಂದ್ರು, ಅಷ್ಟೇ. ಅಲ್ಲೇ ಬಿದ್ದಿದ್ದ ನಾಟಕದ ಹಾಳೆಗಳನ್ನ ಮಡಚಿ, ಹುಡುಗಿಗೆ ಮೇಲೆ ನೋಡು ಅಂತ ಹೇಳಿ, ನಿಧಾನಕ್ಕೆ ಗಾಳಿ ಹಾಕ್ತಾ ನಿಂತ್ರು. ಎರಡು ಮೂರು ನಿಮಿಷ ಇರ್ಬೇಕು, ನನಗೆ ಒಂದು ಯುಗ. ಆಮೇಲೆ ಹುಬ್ಬು ಬಾಚೋ ಸ್ಪೂಲಿ ಇದೆಯಲ್ಲ, ಅದನ್ನ ತೊಳೆದು ಒಣಗಿಸಿಟ್ಟಿದ್ದು ಒಂದು ತಗೊಂಡು ಎಡಗಣ್ಣಿನ ಕೆಳಗೆ ಸುಮ್ನೆ ತುದೀಲಿ ಕೊಡವಿದ್ರು. ಕಪ್ಪು ಚುಕ್ಕೆ ಪುಡಿಪುಡಿಯಾಗಿ ಉದುರಿ ಹೋಯ್ತು. ಕೆಳಗಿನ ಫೌಂಡೇಶನ್ ಒಂಚೂರೂ ಕದ್ಲಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಬಲಗಣ್ಣಿಗೆ, ಅಂದ್ರೆ ನನ್ನ ಕೈಚಳಕ ನಡೆದಿದ್ದ ಕಣ್ಣಿಗೆ, ಇಯರ್ ಬಡ್ ತುದೀಗೆ ಅಕ್ಕಿ ಕಾಳಷ್ಟು ಮಾಯಿಶ್ಚರೈಸರ್ ತಗೊಂಡು, ಉಜ್ಜದೆ, ಬಡ್ ಅನ್ನ ಉರುಳಿಸ್ತಾ ಉರುಳಿಸ್ತಾ ಬೂದು ಬಣ್ಣ ಎಲ್ಲಾ ಎತ್ತಿದ್ರು. ಟಿಶ್ಯೂ ಮೇಲಿಟ್ಟು ಒತ್ತಿ ಜಿಡ್ಡು ತೆಗೆದ್ರು, ಬೆರಳ ತುದೀಲಿ ಕಲೆ ಮುಚ್ಚೋ ಕನ್ಸೀಲರ್ ತಟ್ಟಿದ್ರು, ಪಫ್‌ನಲ್ಲಿ ಪೌಡರ್ ಒತ್ತಿದ್ರು. ಎಡಗಣ್ಣು ಅರ್ಧ ನಿಮಿಷ, ಬಲಗಣ್ಣು ಹತ್ತು ನಿಮಿಷ. ಎರಡೂ ಕಣ್ಣಿಗೆ ಆಗಿದ್ದು ಒಂದೇ ತಪ್ಪು.

ಯಾಕೆ ಹೀಗೆ ಅಂದ್ರೆ, ಮಸ್ಕರಾದಲ್ಲಿ ಇರೋದು ಮೇಣ, ಕಪ್ಪು ಬಣ್ಣದ ಪುಡಿ, ಪದರ ಕಟ್ಟೋ ಪಾಲಿಮರ್, ಇದನ್ನೆಲ್ಲ ಹಸಿಯಾಗಿಡೋ ದ್ರವ. ದ್ರವ ಇರೋ ತನಕ ಅದು ಪೇಂಟು, ಎಲ್ಲಿಗೆ ಎಳೆದ್ರೂ ಬರುತ್ತೆ. ದ್ರವ ಆರಿದ ಮೇಲೆ ಅದು ಸಿಪ್ಪೆ, ಎದ್ದು ಬರುತ್ತೆ. ಮಣ್ಣು ಮೆತ್ತಿದ ಬಟ್ಟೆ ಒಣಗಿದ ಮೇಲೆ ಕೊಡವೋದು ನಮಗೆಲ್ಲಾ ಗೊತ್ತು, ಮುಖದ ವಿಷಯಕ್ಕೆ ಬಂದಾಗ ಮಾತ್ರ ಮರೆತುಹೋಗುತ್ತೆ. ಇನ್ನು ಕಣ್ಣಿನ ಸುತ್ತ ಇರೋದು ಮೈಯಲ್ಲೇ ಅತಿ ತೆಳ್ಳಗಿನ ಚರ್ಮ, ರೆಪ್ಪೇದು ಒಂದು ಮಿಲಿಮೀಟರ್ ಕೂಡ ಇರಲ್ಲ. ಅದನ್ನ ಒಣ ಟಿಶ್ಯೂನಲ್ಲಿ ತಿಕ್ಕೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಈಗ ಐಲೈನರ್. ಕಣ್ಣಿನ ಕೊನೇಲಿ ಎಳೆಯೋ ರೆಕ್ಕೆ ವಕ್ರ ಆದ್ರೆ ಅದೂ ಒಣಗ್ಲಿ, ಆಮೇಲೆ ಚೂಪು ಬಡ್‌ಗೆ ಮೇಕಪ್ ತೆಗೆಯೋ ಮೈಸೆಲ್ಲಾರ್ ನೀರು ಒಂದು ಹನಿ ತಗೊಂಡು, ಬಡ್ ಹಿಂಡಿ, ರೆಕ್ಕೆಯ ಕೆಳಗಿನಿಂದ ಕಿವಿ ಕಡೆಗೆ ಒಂದೇ ಎಳೆತ. ಎರಡನೇ ಎಳೆತಕ್ಕೆ ಬಡ್‌ನ ಇನ್ನೊಂದು ತುದಿ, ಅದೇ ಕೊಳೆ ತುದಿ ಅಲ್ಲ. ಆ ಅಂಚಿಗೆ ಚಪ್ಪಟೆ ಬ್ರಶ್‌ನಲ್ಲಿ ಸ್ವಲ್ಪ ಕನ್ಸೀಲರ್ ಎಳೆದ್ರೆ ಬ್ಲೇಡಲ್ಲಿ ಕುಯ್ದ ಹಾಗೆ ಗೆರೆ ಕೂರುತ್ತೆ. ಮತ್ತೆ ಒಂದು ರೆಕ್ಕೆ ದೊಡ್ಡದು ಒಂದು ಚಿಕ್ಕದು ಆದಾಗ ದಯವಿಟ್ಟು ಚಿಕ್ಕದನ್ನ ಬೆಳೆಸೋಕೆ ಹೋಗ್ಬೇಡಿ. ಅದು ಇದಕ್ಕಿಂತ ದೊಡ್ಡದಾಗುತ್ತೆ, ಆಮೇಲೆ ಇದನ್ನ ಬೆಳೆಸ್ತೀರಿ, ಕೊನೆಗೆ ಎರಡೂ ಕಿವಿ ಮುಟ್ಟೋಕೆ ಹೊರಟಿರುತ್ತವೆ. ದೊಡ್ಡದನ್ನ ಕತ್ತರಿಸಿ. ಕತ್ತರಿಸೋಕೂ ಟೈಮಿಲ್ವಾ, ಎರಡೂ ಗೆರೆ ಮೇಲೆ ಕಂದು ಐಶ್ಯಾಡೋ ಸಣ್ಣ ಬ್ರಶ್‌ನಲ್ಲಿ ಒತ್ತಿ ಮಬ್ಬು ಮಾಡ್ಬಿಡಿ, ಯಾರು ನೋಡಿದ್ರೂ ಬೇಕೂಂತ ಮಾಡಿದ ಸ್ಮೋಕಿ ಮೇಕಪ್ಪು ಅಂದ್ಕೊಳ್ತಾರೆ. ಐಶ್ಯಾಡೋ ಪುಡಿ ಕೆನ್ನೆ ಮೇಲೆ ಉದುರಿದ್ರೂ ಅದೇ ಪಾಠ, ಬೆರಳು ಹಾಕ್ಬೇಡಿ, ಒಣಗಿದ ದೊಡ್ಡ ಮೆತ್ತನೆ ಬ್ರಶ್‌ನಲ್ಲಿ ಗಾಳಿ ಬೀಸಿದ ಹಾಗೆ ಹಾರಿಸಿ. ಗಾಢ ಬಣ್ಣ ಹಾಕೋ ದಿನ ಕಣ್ಣು ಮೊದ್ಲು ಮುಗಿಸಿ, ಫೌಂಡೇಶನ್ ಆಮೇಲೆ.

ಫೌಂಡೇಶನ್ನಿಗೆ ಬಂದ್ವಿ, ಇಲ್ಲೇ ಸ್ವಲ್ಪ ನಿಲ್ಲಬೇಕು ನಾನು. ಪದರ ಪದರ ಕಟ್ಕೊಂಡು ಸುಣ್ಣದ ಗೋಡೆ ಆಗಿದೆ ಅನ್ಕೊಳ್ಳಿ. ನಮ್ಮ ಮೊದಲ ಯೋಚನೆ, ಮೇಲೆ ಇನ್ನೊಂಚೂರು ಹಾಕಿ ಸರಿ ಮಾಡೋಣ. ಮುಚ್ಚಿದಷ್ಟೂ ಬಿರುಕು ಬಿಡುತ್ತೆ. 1914ರಲ್ಲಿ ಮೇಕಪ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್ ಸಿನಿಮಾದವರಿಗೆ ಅಂತಾನೇ ತೆಳು ಗ್ರೀಸ್‌ಪೇಂಟ್, ಅಂದ್ರೆ ಜಿಡ್ಡಿನ ಮುಖದ ಬಣ್ಣ, ಮಾಡಿದ್ದು ಇದೇ ಕಾರಣಕ್ಕೆ, ರಂಗದ ಮೇಲಿನ ದಪ್ಪ ಬಣ್ಣ ಮುಖ ಅಲ್ಲಾಡಿದ್ರೆ ಬಿರಿತಿತ್ತು, ಕ್ಯಾಮೆರಾ ಹತ್ರ ಬಂದ್ರೆ ಎಲ್ಲಾ ಕಾಣ್ತಿತ್ತು. ನೂರು ವರ್ಷದ ಮೇಲಾಯ್ತು, ಈಗ ನಮ್ಮೆಲ್ಲರ ಜೇಬಲ್ಲೂ ಕ್ಯಾಮೆರಾ ಇದೆ, ನಾವು ಮಾತ್ರ ಇನ್ನೂ ದಪ್ಪ ಬಳೀತಾನೇ ಇದೀವಿ.

ಸುಣ್ಣದ ಗೋಡೆಗೆ ಮದ್ದು ಹಸಿ ಸ್ಪಂಜು. ಹಸಿ ಅಂದ್ರೆ ನೀರು ತೊಟ್ಟಿಕ್ಕೋದಲ್ಲ, ನೆನೆಸಿ, ಹಿಂಡಿ, ಟವೆಲ್ಲಲ್ಲಿ ಇನ್ನೊಂದ್ಸಲ ಹಿಂಡಿ, ಮುಟ್ಟಿದ್ರೆ ತಣ್ಣಗಿರ್ಬೇಕು ಅಷ್ಟೇ. ಅದನ್ನ ಮುಖದ ಮೇಲೆ ಒತ್ತಿ, ಎತ್ತಿ. ಒತ್ತಿ, ಎತ್ತಿ. ಪ್ರತಿ ಸಲ ಸ್ಪಂಜ್ ಸ್ವಲ್ಪ ತಿರುಗಿಸಿ, ಹೆಚ್ಚಾಗಿರೋದನ್ನ ಅದೇ ಹೀರ್ಕೊಳ್ಳುತ್ತೆ. ಎಳೆದ್ರೋ, ಪಟ್ಟೆ ಪಟ್ಟೆ. ಕಣ್ಣಿನ ಕೆಳಗೆ ಕನ್ಸೀಲರ್ ಗೆರೆಗೆರೆಯಾಗಿ ಕೂತಿದ್ರೆ ಸ್ಪಂಜೂ ಬೇಡ, ಉಂಗುರದ ಬೆರಳಿನ ಬಿಸಿ ಸಾಕು, ಹಗುರಕ್ಕೆ ತಟ್ಟಿ, ಗೆರೆ ಮಾಯ ಆದ ತಕ್ಷಣ ಅಲ್ಲಿಗೆ ಚಿಟಿಕೆ ಪೌಡರ್ ಒತ್ತಿ.

ಆವತ್ತು ಉಂಡೆ ಉಂಡೆ ಬಂತು ಅಂದ್ನಲ್ಲ, ಅದು ಉಜ್ಜದೇ ಇದ್ದಾಗ್ಲೂ ಬರುತ್ತೆ. ಸನ್‌ಸ್ಕ್ರೀನ್ ಆರೋದಕ್ಕೆ ಬಿಡದೆ ಮೇಲೆ ಹಚ್ಚಿದ್ರೆ ಬರುತ್ತೆ, ಫೌಂಡೇಶನ್ನಿಗೆ ಮುಂಚೆ ಹಚ್ಚೋ ಸಿಲಿಕೋನ್ ಪ್ರೈಮರ್ ಮೇಲೆ ನೀರಿನ ಬೇಸ್‌ನ ಫೌಂಡೇಶನ್ ಹಾಕಿದ್ರೂ ಎಷ್ಟೋ ಸಲ ಎರಡೂ ಹೊಂದ್ಕೊಳ್ಳಲ್ಲ. ಬಾಟಲಿ ಹಿಂದೆ ಡೈಮೆಥಿಕೋನ್ ಅಂತ ಮೊದಮೊದಲೇ ಬರೆದಿದ್ರೆ ಅದು ಸಿಲಿಕೋನ್. ಉಂಡೆ ಬಂದ ಜಾಗನ ಒಣ ಬ್ರಶ್‌ನಲ್ಲಿ ಕೊಡವಿ, ಒಂದು ತೆಳು ಮಾಯಿಶ್ಚರೈಸರ್ ತಟ್ಟಿ, ಕಾಯಿರಿ, ಮತ್ತೆ ಫೌಂಡೇಶನ್ ಒತ್ತಿ ಕೂರಿಸಿ. ಕಾಯೋದೇ ಕಷ್ಟ, ಗೊತ್ತು ನನಗೆ, ಆ ಎರಡು ನಿಮಿಷದಲ್ಲಿ ಕೈಗೆ ಬೇರೆ ಕೆಲಸ ಕೊಡಿ, ತಲೆ ಬಾಚ್ಕೊಳ್ಳಿ.

ಬಣ್ಣದ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ತಮ್ಮ ಚರ್ಮಕ್ಕಿಂತ ಎರಡು ಶೇಡ್ ಬಿಳಿ ತಗೊಳ್ಳೋರು ಇದಾರೆ. ಆ ಬಿಳುಪು ಬರೋದು ಟೈಟಾನಿಯಂ ಡೈಆಕ್ಸೈಡ್‌ನಿಂದ, ಅದು ಗಾಢ ಚರ್ಮದ ಮೇಲೆ ಕೂತಾಗ ಬೂದಿ ಬಳಿದ ಹಾಗೆ ಕಾಣುತ್ತೆ, ಮುಖ ಒಂದು ಬಣ್ಣ ಕುತ್ತಿಗೆ ಒಂದು ಬಣ್ಣ. ನಿಮ್ಮ ಬಣ್ಣ ತಪ್ಪಲ್ಲ, ಅದನ್ನ ಸರಿಪಡಿಸ್ಬೇಕಾಗಿಲ್ಲ. ಬೂದು ಆಗಿಬಿಟ್ಟಿದೆ ಅಂದ್ರೆ ಕಂದು ಬಣ್ಣ ಕೊಡೋ ಲಿಕ್ವಿಡ್ ಬ್ರಾಂಜರ್ ಒಂದು ಹನಿ ಹಸಿ ಸ್ಪಂಜಿಗೆ ತಗೊಂಡು ಹಣೆ ಅಂಚು, ಕೆನ್ನೆ ಅಂಚು, ದವಡೆ ಮೇಲೆ ಒತ್ತಿ, ಸ್ಪಂಜಲ್ಲಿ ಉಳಿದಿದ್ದು ಕುತ್ತಿಗೆಗೆ. ಮುಂದಿನ ಸಲ ಕೊಳ್ಳೋವಾಗ ದವಡೆ ಮೇಲೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಬಿಸಿಲ ಬೆಳಕಲ್ಲಿ ನೋಡಿ, ಯಾಕಂದ್ರೆ ಚರ್ಮದ ಜಿಡ್ಡಿನ ಜೊತೆ ಬೆರೆತ ಮೇಲೆ ಎಷ್ಟೋ ಫೌಂಡೇಶನ್ ಒಂಚೂರು ಕಪ್ಪಾಗುತ್ತೆ. ಅದಕ್ಕೂ ಕಾಯಬೇಕು. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳ್ತೀನಿ. ಬ್ಲಶ್ ಜಾಸ್ತಿ ಆಯ್ತಾ, ಇನ್ನೊಂದು ಕೆನ್ನೆಗೂ ಅಷ್ಟೇ ಹಾಕಿ ಸಮ ಮಾಡ್ಬೇಡಿ, ಫೌಂಡೇಶನ್ ಹಚ್ಚಿದ ಸ್ಪಂಜ್ ಇರುತ್ತಲ್ಲ, ಅದರಲ್ಲಿ ಉಳಿದಿರೋದನ್ನೇ ಮೇಲೆ ಒತ್ತಿ. ಹುಬ್ಬು ಕಪ್ಪಾಯ್ತಾ, ಸ್ಪೂಲಿಯಲ್ಲಿ ಬಾಚಿ, ಆಮೇಲೆ ಚಿಟಿಕೆ ಪೌಡರ್. ಲಿಪ್‌ಸ್ಟಿಕ್ ಹಲ್ಲಿಗೆ ಅಂಟುತ್ತಾ, ತೊಳೆದ ಬೆರಳು ಬಾಯಲ್ಲಿಟ್ಟು ತುಟಿ ಮುಚ್ಚಿ ಈಚೆ ಎಳೀರಿ, ಹಲ್ಲಿಗೆ ಹೋಗೋದು ಬೆರಳಿಗೆ ಬರುತ್ತೆ. ಬಣ್ಣ ತುಟಿಯಿಂದ ಆಚೆ ಹರಡಿದ್ರೆ ಟಿಶ್ಯೂ ಒತ್ತಿ, ಅಂಚಿಗೆ ಕನ್ಸೀಲರ್. ಮೊಡವೆ ಕೆಂಪು ಎದ್ದು ಕಾಣ್ತಿದ್ರೆ ಸೂಜಿಮೊನೆಯಷ್ಟು ಹಸಿರು ಕರೆಕ್ಟರ್, ಕಣ್ಣಿನ ಕೆಳಗಿನ ನೀಲಿಗಪ್ಪಿಗೆ ಕಿತ್ತಳೆ ಅಥವಾ ಪೀಚ್, ಎದುರು ಬಣ್ಣ ಎದುರು ಬಣ್ಣನ ತಣಿಸುತ್ತೆ. ಫೋಟೋ ಇರೋ ದಿನ ಹೊರಡೋ ಮೊದ್ಲು ಫ್ಲ್ಯಾಶ್ ಹಾಕಿ ಒಂದು ಫೋಟೋ ತಗೊಳ್ಳಿ, ಸಿಲಿಕಾ ಇರೋ ಬಿಳಿ ಪೌಡರ್ ಕಣ್ಣಿಗೆ ಕಾಣಲ್ಲ, ಫ್ಲ್ಯಾಶಿಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತೆ. ಕಂಡ್ರೆ ದೊಡ್ಡ ಬ್ರಶ್‌ನಲ್ಲಿ ಕೊಡವಿ, ಮೇಲೆ ಒಂಚೂರು ನಿಮ್ಮ ಬಣ್ಣದ ಪೌಡರ್.

ಒಂದು ಕಡೆ ಮಾತ್ರ ನನ್ನ ಮಾತು ಕೇಳ್ಬೇಡಿ, ಕಾಯ್ಬೇಡಿ. ಕಣ್ಣು ಉರೀತಿದೆ, ಚರ್ಮ ಕೆಂಪಾಗಿ ಕಡೀತಿದೆ ಅಂದ್ರೆ ಅಲ್ಲಿ ಫಿಕ್ಸ್ ಅನ್ನೋದೇ ಇಲ್ಲ, ತಕ್ಷಣ ತೊಳೀರಿ, ಎಷ್ಟೇ ಚೆನ್ನಾಗಿ ಬಂದಿದ್ರೂ ಸರಿ. ಕಡಿಮೆ ಆಗ್ಲಿಲ್ವಾ, ಡಾಕ್ಟರ್ ಹತ್ರ. ಮಸ್ಕರಾ ಓಪನ್ ಮಾಡಿ ಮೂರು ತಿಂಗಳಾಯ್ತಾ, ಎಸೀರಿ, ಗಟ್ಟಿಯಾಯ್ತು ಅಂತ ನೀರು ಹಾಕಿ ಕಲಕ್ಬೇಡಿ, ಅದು ಕೀಟಾಣುಗಳಿಗೆ ಔತಣ. ಇನ್ನೊಬ್ರಿಗೆ ಕೊಡ್ಲೂಬೇಡಿ.

ಪ್ರಶ್ನೆ ಇದ್ಯಾ? ಹಾಂ, ಎರಡನೇ ಸಾಲಲ್ಲಿ ನೀವು, ಜೋರಾಗಿ ಹೇಳಿ. ಕಾಡಿಗೆ ಕೆಳಗಿಳಿದು ಹರಡುತ್ತೆ, ಈಗ್ಲೂ ಹರಡಿದೆ, ಸರಿ. ಬನ್ನಿ, ಇಲ್ಲಿ ಲೈಟ್ ಕೆಳಗೆ ಕೂತ್ಕೊಳ್ಳಿ. ಇಲ್ಲ ಇಲ್ಲ, ಕರ್ಚೀಫ್ ಒಳಗಿಡಿ. ಕಾಡಿಗೇಲಿ ಎಣ್ಣೆ, ಮೇಣ ಇರುತ್ತೆ, ಇದು ಮಸ್ಕರಾ ಥರ ಪೂರ್ತಿ ಒಣಗಲ್ಲ, ಹಾಗಾಗಿ ಇದಕ್ಕೆ ಗಾಳಿ ಹಾಕಿ ಪ್ರಯೋಜನ ಇಲ್ಲ. ಒಂದು ಒಣ ಬಡ್ ಕೊಡಿ ಯಾರಾದ್ರೂ. ಮೇಲೆ ನೋಡಿ. ನೋಡಿ ಎಲ್ಲಾರೂ, ಮೂಗಿನ ಕಡೆಯಿಂದ ಶುರು, ಉರುಳಿಸ್ತಾ ಬರ್ತಿದೀನಿ, ಕಪ್ಪೆಲ್ಲ ಬಡ್‌ಗೆ ಬಂತು. ಈಗ ಚಿಟಿಕೆ ಪೌಡರ್, ಕೆಳರೆಪ್ಪೆ ಬುಡಕ್ಕೆ, ಒತ್ತಿ. ಅದರ ಮೇಲೆ ಇದೇ ಕಾಡಿಗೆ ಬಣ್ಣದ ಐಶ್ಯಾಡೋ ಒಂದು ಎಳೆ, ಅದು ಎಣ್ಣೆ ಹಿಡ್ಕೊಳ್ಳುತ್ತೆ. ಆಯ್ತು ಒಂದು ಕಣ್ಣು. ಇನ್ನೊಂದನ್ನ ನೀವೇ ಮಾಡಿ, ಕನ್ನಡಿ ನಾನು ಹಿಡ್ಕೋತೀನಿ.